ಏಳು ಎಂದ ದನಿ

ಸತ್ತವನ ದನಿಯನ್ನು ಅಳಿಯ ಮೊದಲ ಸಲ ಕೇಳಿದ್ದು ಹಾಡಹಗಲಿನಲ್ಲಿ, ಅತ್ತೆಯ ಮನೆಯ ಊಟದ ಮೇಜಿನ ಮುಂದೆ, ಬಾಯಲ್ಲಿ ತುತ್ತಿಟ್ಟುಕೊಂಡು. ಆ ತುತ್ತನ್ನು ನುಂಗಿದನೋ ಉಗುಳಿದನೋ ಅವನಿಗೆ ಇವತ್ತಿಗೂ ನೆನಪಿಲ್ಲ.

ಫೋನನ್ನು ಮೇಜಿನ ಮೇಲಿಟ್ಟು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಿದ್ದವಳು ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುವ ನಡುವಯಸ್ಸಿನ ಹೆಂಗಸು. ಫೋನಿನಿಂದ ಮೊದಲು ಕಾರಿನ ಇಂಜಿನ್ ಸದ್ದು ಬಂತು. ಸಣ್ಣಗೆ ಶುರುವಾಗಿ, ಏರುತ್ತ ಏರುತ್ತ ಹೋಗಿ, ಕೊನೆಗೆ ಒಂದೇ ಮಟ್ಟದಲ್ಲಿ ನಿಂತ ಸದ್ದು. ಅದರ ಅಡಿಯಲ್ಲಿ, ಬಾವಿಯೊಳಗಿಂದ ಕೇಳಿದಂತೆ, ಒಬ್ಬ ಗಂಡಸಿನ ದನಿ. ಮೆತ್ತನೆಯ ದನಿ.

"ಏಳು... ಏಳು..."

ಅಲ್ಲಿಗೆ ಕತ್ತರಿಸಿದಂತೆ ಎಲ್ಲ ನಿಂತಿತು.

"ನನ್ನ ತಮ್ಮ," ಅಂದಳು ಹೆಂಗಸು, ಗೋಡೆ ನೋಡುತ್ತಲೇ. "ಹೋಗಿ ಎರಡು ತಿಂಗಳಾಯ್ತಮ್ಮ. ಈ ಸದ್ದು ಹೊರಗೆ ಬಂದಿದ್ದು ಹೋದ ವಾರ."

ಅತ್ತೆ ಎದ್ದು ಕೈ ತೊಳೆದುಕೊಂಡು ಬಂದರು, ಫೋನನ್ನು ಕಿವಿಗೆ ಹಿಡಿದು ಮತ್ತೊಮ್ಮೆ ಕೇಳಿದರು, ಆಮೇಲೆ ಕಣ್ಣು ಮುಚ್ಚಿಕೊಂಡು ಇನ್ನೊಮ್ಮೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರಿನ ಜಗಳ, ಸಂಬಂಧ, ಸಾವು ಎಲ್ಲವನ್ನೂ ಒಂದು ತಂತಿಯಿಂದ ಇನ್ನೊಂದಕ್ಕೆ ಸೇರಿಸಿ ನಿವೃತ್ತರಾದವರು ಅವರು. ಜನ ಏನು ಹೇಳುತ್ತಾರೆ ಅನ್ನುವುದಕ್ಕಿಂತ ಯಾರಿಗೆ ಹೇಗೆ ಹೇಳುತ್ತಾರೆ ಅನ್ನುವುದರ ಮೇಲೆ ಅವರ ಕಿವಿ. ಆ ಕಿವಿಯನ್ನೇ ನೆಚ್ಚಿ ಜನ ಹುಡುಕಿಕೊಂಡು ಬರುತ್ತಿದ್ದರು. ಅಳಿಯ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಬಿಡುವಿನಲ್ಲಿ ಅತ್ತೆಯ ಸಾರಥಿ. ವರ್ಷಗಟ್ಟಲೆ ಕಲಿಯುವವರ ಪಕ್ಕ ಎಡಸೀಟಿನಲ್ಲಿ ಬೆಲ್ಟು ಬಿಗಿದುಕೊಂಡು ಕೂತು ಅವನ ಅಂಗಿಗಳೆಲ್ಲ ಎಡಹೆಗಲಿನ ಮೇಲೆ ಮಾತ್ರ ಸವೆದಿದ್ದವು. ಹೆಂಡತಿ ಅದೇ ಜಾಗಕ್ಕೆ ತೇಪೆ ಹಾಕಿ ಹಾಕಿ ಬೇಸತ್ತು ಹೋಗಿದ್ದಳು.

ಅಕ್ಕ ತನ್ನ ಕತೆ ಹೇಳಿದಳು. ತಮ್ಮ ಕಾರು ಕಂಪನಿಯಲ್ಲಿ ಪರೀಕ್ಷೆಯ ಚಾಲಕ. ಮಾತು ಕಮ್ಮಿ, ಅದಕ್ಕೇ ಎಲ್ಲರ ಬಾಯಲ್ಲಿ ಮೌನಿ. ಹೊಸ ಓಟದ ಕಾರನ್ನು ಕಂಪನಿಯ ಹಿಂದಿನ ಓಟದ ರಸ್ತೆಯಲ್ಲಿ ಓಡಿಸುತ್ತಿದ್ದ. ಒಂದು ಮುಂಜಾನೆ ಮಂಜಿನಲ್ಲಿ ಕಾರು ಕಂಬಿಗೆ ಒರಗಿ ನಿಂತಿತ್ತು, ಎಡಪಕ್ಕ ಪೂರಾ ಜಜ್ಜಿಹೋಗಿತ್ತು, ಮೌನಿ ಚಾಲಕನ ಸೀಟಿನಲ್ಲಿ ತಣ್ಣಗಾಗಿದ್ದ. ರಸ್ತೆಯ ಮೇಲೆ ಬ್ರೇಕ್ ಒತ್ತಿದ ಗುರುತೇ ಇರಲಿಲ್ಲ. ಚಾಲಕ ನಿದ್ದೆಗೆ ಜಾರಿದ್ದೇ ಕಾರಣ ಅಂತ ತೀರ್ಮಾನವಾಯಿತು.

"ನಿದ್ದೆ ಮಾಡಿ ಸತ್ತ ಅಂದು ಕೈ ತೊಳ್ಕೊಂಡ್ರು," ಅಂದಳು ಅಕ್ಕ. "ಅವ್ವ ಅಪ್ಪ ಇಲ್ದೆ ಅವನನ್ನ ಸಾಕಿದ್ದು ನಾನು. ಸ್ಟಿಯರಿಂಗ್ ಮುಂದೆ ರೆಪ್ಪೆ ಬಡಿಯೋಕೂ ಲೆಕ್ಕ ಹಾಕ್ತಿದ್ದ. ಇವತ್ತು ಅಂಗಡಿಗೆ ಬಂದೋರು, 'ನಿದ್ದೆಗಣ್ಣಿನ ಡ್ರೈವರ್ ಅಕ್ಕ ಇವಳೇ' ಅಂತ ನನ್ನ ಮುಂದೇನೇ ನಗ್ತಾರೆ. ಆ ಮಾತೊಂದು ಅಳಿಸಿಕೊಡಿ, ನಂಗೆ ಬೇರೇನೂ ಬೇಡ."

"ಮೈ ತೊಳೆದಿದ್ದು ಯಾರಮ್ಮ?"

"ನಾನೇ. ಮುಖದ ಮೇಲೆ ಒಂದು ತರಚಿದ ಗಾಯಾನೂ ಇರಲಿಲ್ಲ. ಎಡಹೆಗಲಿಂದ ಬಲಸೊಂಟದವರೆಗೂ ಬೆಲ್ಟಿನ ಬರೆ ಮಾತ್ರ, ಕಪ್ಪಗೆ. ಹೊಟ್ಟೆ ಒಳಗೇ ರಕ್ತ ಸೋರಿ ಹೋಗಿತ್ತಂತೆ." ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಈಗ ನೋಡಿದ್ರೆ ಎಲ್ಲಿ ಹೋದ್ರೂ ಇದೇ. ನಿಲ್ಸಿರೋ ಕಾರುಗಳ ಗಾಜಿನ ಮೇಲೆಲ್ಲ ಧೂಳಲ್ಲಿ ಬೆರಳಾಡಿಸಿ ಏಳು, ಏಳು ಅಂತ ಬರೆದಿದ್ದಾರೆ. ನನ್ನನ್ನ ಏಳು ಅಂತಿದಾನೋ, ತನ್ನನ್ನ ಎಬ್ಬಿಸು ಅಂತಿದಾನೋ, ತಲೆ ಕೆಟ್ಟು ಹೋಗಿದೆ."

ಅವಳು ಹೋದ ಮೇಲೆ ಅಳಿಯ ಕಾರು ತೆಗೆದ. ಅವನದು ಅದೇ ಕಂಪನಿಯ ಹಳೆಯ ಮಾದರಿ. ಅದರ ಹೆಸರೇ 'ಆರು'. ಹೆಸರಿಗೆ ತಕ್ಕ ಹಾಗೆ ಪ್ರತಿ ಸಿಗ್ನಲ್ಲಿನಲ್ಲೂ ಆರಿಹೋಗುತ್ತಿತ್ತು. ಕಂಪನಿ 'ನಾಲ್ಕು' ಮಾಡಿತ್ತು, 'ಐದು' ಮಾಡಿತ್ತು, 'ಆರು' ಮಾಡಿತ್ತು. ಈಗ ಬರುವ ಓಟದ ಕಾರಿನ ಹೆಸರೇನು ಅಂತ ಕಾರಿನ ಹುಚ್ಚಿನವರು ವರ್ಷದಿಂದ ತಲೆ ಕೆಡಿಸಿಕೊಂಡಿದ್ದರು. ಅಂಥ ಹೊತ್ತಿನಲ್ಲಿ ಇಂಜಿನ್ ಸದ್ದಿನ ಜೊತೆ 'ಏಳು' ಅನ್ನುವ ದನಿ ಕೇಳಿದರೆ ಬಿಡುತ್ತಾರೆಯೇ? ಹೆಸರು ಸಿಕ್ಕಿತು ಅಂತ ಊರ ತುಂಬ ಗಾಜು ಗಾಜಿನ ಮೇಲೂ ಬರೆದಿದ್ದರು.

ಗೊತ್ತಿದ್ದರೂ ಆ ಮಧ್ಯಾಹ್ನ ಅಳಿಯನಿಗೆ ಹಿತವೆನಿಸಲಿಲ್ಲ. ನಿಂತ ಕಾರುಗಳ ಸಾಲು ಮುಗಿಯುತ್ತಲೇ ಇರಲಿಲ್ಲ. ಒಂದರಲ್ಲೂ ಜನರಿಲ್ಲ, ಎಲ್ಲದರ ಬೆನ್ನಿನ ಮೇಲೂ ಅದೇ ಮಾತು, ಬೇರೆ ಬೇರೆ ಬೆರಳುಗಳಲ್ಲಿ. ಯಾರನ್ನೋ ಎಬ್ಬಿಸಲು ಇಡೀ ಬೀದಿ ಕಾದು ನಿಂತಂತಿತ್ತು.

ಮೊದಲು ಹೋಗಿದ್ದು ಗಾಳಿಯ ಬಳಿಗೆ. ಬರಲಿರುವ ಕಾರುಗಳ ಗಾಳಿಸುದ್ದಿಯನ್ನು ಇಂಟರ್ನೆಟ್ಟಿನಲ್ಲಿ ಹರಡುವುದೇ ಅವನ ಕಸುಬು, ಆದ್ದರಿಂದ ಅವನಿಗೆ ಆ ಹೆಸರು. ಸಣ್ಣ ಕೋಣೆ, ಕಿಟಕಿಗೆ ರಟ್ಟು ಹೊಡೆದಿತ್ತು, ಆಟಿಕೆ ಕಾರುಗಳ ಮಧ್ಯೆ ಅವನು ಬರಿಗಾಲಲ್ಲಿ ಕೂತಿದ್ದ.

"ಯಾರು ಕೊಟ್ಟಿದ್ದು ಅಂತ ಮಾತ್ರ ಕೇಳ್ಬೇಡಿ ಅಮ್ಮ," ಅಂದ. "ಅದನ್ನ ಹೇಳಿದ್ರೆ ನಾಳೆಯಿಂದ ನಾನು ಅಂಗಡಿ ಮುಚ್ಬೇಕು. ಒಳಗಿನವರೇ ಒಬ್ರು. ಫೋನ್ ಮಾಡಿ, ಏನೂ ಮಾತಾಡ್ದೆ, ಇಂಜಿನ್ ಸದ್ದು ಕೇಳಿಸೋರು. ನಾನು ರೆಕಾರ್ಡ್ ಮಾಡ್ಕೊಳ್ತಿದ್ದೆ. ಎರಡು ತಿಂಗಳ ಹಿಂದೆ ಒಂದು ಬೆಳಿಗ್ಗೆ ಅರ್ಧಕ್ಕೇ ಫೋನ್ ಕಟ್ಟಾಯ್ತು. ಆಮೇಲೆ ಅವರು ನನ್ನ ಫೋನನ್ನೇ ಎತ್ತಲಿಲ್ಲ. ಕಾದು ಕಾದು ಹೋದ ವಾರ ಬಿಟ್ಟೆ."

"ಅದೇ ಬೆಳಿಗ್ಗೆ ಒಬ್ಬ ಸತ್ತಿದ್ದು ಗೊತ್ತಿತ್ತಾ?"

ಗಾಳಿಯ ಮುಖ ಬಿಳುಚಿತು. "ಸತ್ತ ಸುದ್ದಿ ಗೊತ್ತು. ಅದೇ ಸವಾರಿ ಅಂತ ನಂಗೆ ಗೊತ್ತಿಲ್ಲಮ್ಮ. ಹೆಸರು ಹೇಳ್ತಿದಾರೆ ಅಂದ್ಕೊಂಡೆ. ನಂಗೆ ಹೆಸರು ಬಿಟ್ಟು ಬೇರೇನೂ ಕೇಳಿಸಲ್ಲ, ಏನ್ ಮಾಡ್ಲಿ."

"ಆ ಒಳಗಿನವರು ಇದಕ್ಕೂ ಮುಂಚೆ ಹೆಸರು ಕೊಟ್ಟಿದ್ರಾ?"

"ಅದೇ ವಿಚಿತ್ರ ನೋಡಿ. ಬಣ್ಣ, ಚಕ್ರ, ಸದ್ದು, ಎಲ್ಲ ಕೊಡೋರು. ಹೆಸರು ಕೇಳಿದ್ರೆ ಮಾತ್ರ ಬಾಯಿಗೆ ಬೀಗ."

ಹೊರಗೆ ಬಂದ ಮೇಲೆ ಅಳಿಯ ತನ್ನ ಬುದ್ಧಿ ಖರ್ಚು ಮಾಡಿದ. "ಹೆಸರು ಗೊತ್ತಿಲ್ದೋರೇ ಕೊಟ್ಟಿದಾರೆ ಅತ್ತೆ. ಸದ್ದು ಮಾಡೋ ವಿಭಾಗದೋರು ಯಾರಾದ್ರೂ ಇರ್ಬೇಕು."

"ಇರ್ಬಹುದು ಅಳಿಯಂದಿರೇ," ಅಂದರು ಅತ್ತೆ. ಅವರು ಹಾಗೆ ಬಹುವಚನದಲ್ಲಿ ಮರ್ಯಾದೆ ಕೊಟ್ಟರೆ ಅಳಿಯ ತಪ್ಪು ಹೇಳಿದ್ದಾನೆ ಅಂತಲೇ ಅರ್ಥ.

ಕಂಪನಿಯ ಮುಖ್ಯ ಇಂಜಿನಿಯರ್ ಒಳಗೆ ಬಿಟ್ಟಿದ್ದೇ ಹೆಚ್ಚು. ಸದ್ದು ಸೋರಿದ್ದು ಹೇಗೆ ಅಂತ ಪತ್ತೆಮಾಡಿ ಕೊಡುತ್ತೇನೆ ಅಂತ ಅತ್ತೆ ಹೇಳಿದ ಮೇಲೆ ಅವರ ಗೇಟು ತೆರೆಯಿತು. ದಪ್ಪನೆಯ, ಎತ್ತರದ, ಕೈಗಡಿಯಾರ ನೋಡಿಕೊಂಡೇ ಮಾತಾಡುವ ಮನುಷ್ಯ. "ಸೋರಿದ್ದೇನೋ ತಪ್ಪೇ, ಆದ್ರೆ ಒಳ್ಳೇದೇ ಆಯ್ತು," ಅಂದರು. "ಜನಾನೇ ಹೆಸರಿಟ್ಟಿದಾರೆ. ಏಳು ಅಂದ್ರೆ ಅಂಕಿನೂ ಆಯ್ತು, ಎದ್ದು ನಿಲ್ಲೋದೂ ಆಯ್ತು. ಲೋಹದಲ್ಲಿ ಅಕ್ಷರ ಕೂಡ ಎರಕ ಹೊಯ್ಸಿಬಿಟ್ಟೆ. ಶುಕ್ರವಾರ ತೀರ್ಮಾನ. ನಮ್ಮ ಹೆಸರಿಡೋ ಮೇಡಂ ಒಬ್ರೇ ಬೇಡ ಅಂತ ಹಟ ಹಿಡಿದಿರೋದು."

ಗೇಟಿನ ತಾತ ಅವರನ್ನು ಹಿಂದಿನ ಶೆಡ್ಡಿಗೆ ಕರೆದುಕೊಂಡು ಹೋದ. ಮೌನಿಯನ್ನು ಮೊದಲು ಕಂಡವನು ಅವನೇ. ಹಗಲಿನಲ್ಲೂ ಆ ಶೆಡ್ಡಿನೊಳಗೆ ಕಾಲಿಡುವಾಗ ಅವನು ಒಮ್ಮೆ ಕೆಮ್ಮಿ, ಒಳಗಿದ್ದವರಿಗೆ ತಿಳಿಸುವವನ ಹಾಗೆ, ಆಮೇಲೆ ಹೋದ. ಒಳಗೆ ಬಿಳಿ ಬಟ್ಟೆ ಹೊದ್ದ ಕಾರಿತ್ತು. ಬಟ್ಟೆಯ ಮೇಲೆ ಧೂಳು, ಧೂಳಿನ ಮೇಲೆ ಯಾರೋ ಬೆರಳಲ್ಲಿ ಬರೆದಿದ್ದ ಅದೇ ಮಾತು.

"ಕೆಲಸದ ಹುಡುಗರದೇ ಕಿತಾಪತಿ," ಅಂದ ತಾತ. ಅವನ ದನಿಯಲ್ಲಿ ಮಾತ್ರ ಆ ನಂಬಿಕೆ ಇರಲಿಲ್ಲ. "ಆವತ್ತು ಮಂಜು ಬಹಳ ಇತ್ತಮ್ಮ. ಢಿಕ್ಕಿ ಸದ್ದು ಕೇಳಿ ಹೊರಟೆ, ಮಂಜಿನಲ್ಲಿ ದಾರಿ ತಪ್ಪಿ ತಡಕಾಡಿ ಬರೋ ಹೊತ್ತಿಗೆ ತಡವಾಗಿತ್ತು. ನೆಟ್ಟಗೆ ಕೂತಿದ್ರು. ಬೆಲ್ಟು ಹಾಕಿತ್ತು, ಆದ್ರೆ ಬಿಗಿ ಇಲ್ಲ, ಕೊರಳಿಗೆ ಹಾರ ಹಾಕ್ದಂಗೆ ಜೋತಾಡ್ತಿತ್ತು. ಕೈ ಎರಡೂ ತೊಡೆ ಮೇಲೆ. ಯಾರನ್ನೋ ಕಾಯ್ತಾ ಇದ್ದೋರ ಥರ. ನಾನು ಮಾತಾಡಿಸಿದೆ ಕೂಡ."

"ಫೋನ್ ಎಲ್ಲಿತ್ತು ಅವರದು?"

"ನನ್ನತ್ರ, ಗೇಟಲ್ಲಿ. ಪರೀಕ್ಷೆ ಕಾರಿಗೆ ಹತ್ತೋ ಚಾಲಕ ಫೋನ್ ಒಪ್ಪಿಸಿ ಹೋಗ್ಬೇಕು. ಒಬ್ರೇ ಹತ್ಬೇಕು ಅಂತಾನೂ ಇದೆ."

"ಒಳಗೆ ಬೇರೆ ಯಾರಿದ್ರು ಆ ಹೊತ್ತಲ್ಲಿ?"

"ಕಾರು ತೋರ್ಸೋ ದಿನ ಹತ್ರ ಇತ್ತಲ್ಲ, ಆ ವಾರ ಮೂರು ಜನ ಮನೆ ಮುಖಾನೇ ನೋಡ್ಲಿಲ್ಲ. ದೊಡ್ಡ ಇಂಜಿನಿಯರು, ಸದ್ದಿನೋರು, ಹೆಸರಮ್ಮ. ಆಫೀಸಿನ ಹಿಂದೇನೇ ಓಟದ ರಸ್ತೆ, ಕಂಬಿ ದಾಟಿದ್ರೆ ಸಾಕು."

ಬಟ್ಟೆ ಸರಿಸಿದರು. ಅಳಿಯನಿಗೆ ಅಭ್ಯಾಸಬಲ; ಬಲಗಡೆಯ ಚಾಲಕನ ಬಾಗಿಲು ಬಿಟ್ಟು ಎಡಗಡೆಗೇ ಹೋದ. ಬಾಗಿಲು ಜಜ್ಜಿ ಹೋಗಿದ್ದರಿಂದ ಕಿಟಕಿಯಿಂದ ಕೈ ತೂರಿಸಿ ಬೆಲ್ಟು ಎಳೆದು ಬಿಟ್ಟ. ಅದು ಒಳಗೆ ಸುತ್ತಿಕೊಳ್ಳಲಿಲ್ಲ. ಸತ್ತ ಹಾವಿನ ಹಾಗೆ ಸೀಟಿನ ಮೇಲೆ ಬಿದ್ದುಕೊಂಡಿತು.

"ಇದೂ ಹೋಗಿದೆ, ತಾತ ಹೇಳಿದ ಆ ಕಡೆದೂ ಹೋಗಿದೆ," ಅಂದ. "ಢಿಕ್ಕಿಯಲ್ಲಿ ಮೈಭಾರ ಹೊತ್ತ ಬೆಲ್ಟು ಮತ್ತೆ ಒಳಗೆ ಹೋಗಲ್ಲ ಅತ್ತೆ. ನಮ್ಮ ಸ್ಕೂಲಿನ ಕಾರಿಗೆ ಎರಡು ಸಲ ಬದಲಾಯಿಸಿದೀನಿ."

ಅತ್ತೆ ಅವನನ್ನು ದಿಟ್ಟಿಸಿ ನೋಡಿದರು. ಈ ಸಲ ಬಹುವಚನ ಬರಲಿಲ್ಲ.

ಸದ್ದಿನವ ಪಕ್ಕದ ಕಟ್ಟಡದಲ್ಲಿದ್ದ. ಗೋಡೆಗೆಲ್ಲ ದಪ್ಪ ಸ್ಪಂಜು ಅಂಟಿಸಿದ ಕೋಣೆ. ಅಲ್ಲಿ ಮಾತಾಡಿದರೆ ತನ್ನ ದನಿ ತನಗೇ ಸತ್ತಂತೆ ಕೇಳುತ್ತಿತ್ತು. ಹೊಸ ಕಾರು ಹೇಗೆ ಗುಡುಗಬೇಕು ಅಂತ ಗೊತ್ತುಮಾಡುವುದು ಅವನ ಕೆಲಸ. ಮೌನಿಯೂ ಅವನೂ ಒಂದೇ ಬೀದಿಯಲ್ಲಿ ಆಡಿ ಬೆಳೆದವರು. "ಹೋಗೋ ಬಾರೋ ಸ್ನೇಹ ಅಮ್ಮ ನಮ್ಮದು," ಅಂದು ಕಣ್ಣೊರೆಸಿಕೊಂಡ. ರೆಕಾರ್ಡು ಕೇಳಿದ ತಕ್ಷಣ ಗುರುತು ಹಿಡಿದ. "ಈ ಸಿಳ್ಳೆ ಕೇಳಿಸ್ತಾ? ಇದು ಹಿಂದಿನ ಸಂಜೆ ಕೂರಿಸಿದ ಹೊಸ ಹೊಗೆ ಕೊಳವೆದು. ಆ ಕೊಳವೆ ಹಾಕ್ಕೊಂಡು ಕಾರು ಓಡಿದ್ದು ಒಂದೇ ಸಲ. ಆವತ್ತು ಬೆಳಿಗ್ಗೆ."

"ಏಳನೇ ಗೇರು ಅಂತಿದಾನಾ?" ಅಂತ ಅಳಿಯ ಕೇಳಿದ.

"ಗೇರು ಇರೋದೇ ಆರು."

ಹೆಸರಮ್ಮ ಸಿಕ್ಕಿದ್ದು ಮೇಲಿನ ಮಹಡಿಯಲ್ಲಿ. ಕಾರುಗಳಿಗೆ ಹೆಸರಿಡುವವಳು, ಮೂವತ್ತರ ಸುಮಾರಿನ ಗಿಡ್ಡ ಹೆಂಗಸು. ಕಣ್ಣ ಕೆಳಗೆ ಕಪ್ಪು. ಫ್ಯಾನ್ ಕೆಟ್ಟು ಕೋಣೆ ಬೇಯುತ್ತಿತ್ತು, ಅಳಿಯನ ಅಂಗಿ ಬೆನ್ನಿಗೆ ಅಂಟಿತ್ತು. ಅವಳು ಮಾತ್ರ ಕೊರಳಿಗೆ ಸ್ಕಾರ್ಫ್ ಬಿಗಿಯಾಗಿ ಸುತ್ತಿಕೊಂಡಿದ್ದಳು. ಬೋರ್ಡಿನ ಮೇಲೆ ಬರೆದು ಹೊಡೆದು ಹಾಕಿದ ಹೆಸರುಗಳು.

"ಏಳು ಯಾಕೆ ಬೇಡ ನಿಮಗೆ?" ಅಂದರು ಅತ್ತೆ.

"ಅಂಕಿ ಹಳೇದಾಯ್ತು. ಕಾರಿಗೆ ಜೀವ ಇರೋ ಮಾತು ಬೇಕು." ಅವಳು ಕಿಟಕಿಯಾಚೆ ನೋಡುತ್ತಿದ್ದಳು. ಅಲ್ಲಿಂದ ಓಟದ ರಸ್ತೆ ಕಾಣುತ್ತಿತ್ತು.

"ಸತ್ತವರ ಪರಿಚಯ ಇತ್ತಾ?"

"ಇತ್ತು, ಎಲ್ಲರಿಗೂ ಇದ್ದಷ್ಟು. ಅವರು ಒಳ್ಳೆ ಚಾಲಕರು. ಜಾಸ್ತಿ ಮಾತಾಡ್ತಿರಲಿಲ್ಲ."

"ಸಿಡುಕು ಮನುಷ್ಯ ಅಂತ ಕೇಳಿದೆ. ಎಲ್ಲರ ಮೇಲೂ ಹರಿಹಾಯ್ತಿದ್ದನಂತೆ."

"ಯಾರ್ರೀ ಹೇಳಿದ್ದು?" ಅವಳ ಮುಖಕ್ಕೆ ರಕ್ತ ನುಗ್ಗಿತು. "ಒಂದು ದಿನ ಕೂಡ ದನಿ ಎತ್ತಿದವನಲ್ಲ ಅವನು."

ಅತ್ತೆ ತಲೆಯಾಡಿಸಿ, ಕುಡಿಯಲು ನೀರು ಕೇಳಿ, ನೀರು ಕುಡಿದು ಎದ್ದು ಬಂದರು. ಯಾರೂ ಹೇಳದ ಆ ಸಿಡುಕಿನ ಮಾತು ಅತ್ತೆಗೆ ಎಲ್ಲಿ ಸಿಕ್ಕಿತು ಅಂತ ಅಳಿಯನಿಗೆ ಅರ್ಥವಾಗಲಿಲ್ಲ.

ಸಂಜೆ ವಾಪಸು ಬರುವಾಗ 'ಆರು' ಎರಡು ಕಡೆ ಆರಿತು. ಮೂರನೆಯ ಸಲ ಹೊರಟ ಮೇಲೆ ಅತ್ತೆ ಕೇಳಿದರು, "ನಿನ್ನ ಹತ್ರ ಕಲಿಯೋರು ಓಡಿಸ್ತಾ ಓಡಿಸ್ತಾ ತೂಕಡಿಸಿದ್ರೆ ಏನ್ಮಾಡ್ತೀಯ?"

"ನನ್ನ ಕಾಲಡಿ ಇನ್ನೊಂದು ಬ್ರೇಕ್ ಇದೆಯಲ್ಲ."

"ಇಲ್ಲ ಅಂದ್ಕೋ."

"ಹಾಗಾದ್ರೆ ಕಷ್ಟ. ಆದ್ರೂ ಕೂಗಬಾರದು. ಕೂಗಿದ್ರೆ ಬೆಚ್ಚಿಬಿದ್ದು ಸ್ಟಿಯರಿಂಗ್ ತಿರುಗಿಸಿಬಿಡ್ತಾರೆ. ಒಂದು ಕೈಯಲ್ಲಿ ಸ್ಟಿಯರಿಂಗ್ ಹಿಡ್ಕೊಂಡು, ಮಗು ಎಬ್ಬಿಸೋ ಹಾಗೆ, ಮೆತ್ತಗೆ..." ಅಳಿಯನ ಮಾತು ಬಾಯಲ್ಲೇ ಉಳಿಯಿತು. ಮುಂದೆ ನಿಂತ ಲಾರಿಯ ಹಿಂದೆ ಧೂಳಿನಲ್ಲಿ ಆ ಮಾತು ದೊಡ್ಡದಾಗಿ ಕಾಣುತ್ತಿತ್ತು. ಈಗ ಅದು ಅವನಿಗೆ ಅಂಕಿ ಅನ್ನಿಸಲೇ ಇಲ್ಲ.

ಶುಕ್ರವಾರ ಹೆಸರಿನ ತೀರ್ಮಾನದ ಕೋಣೆಯಲ್ಲಿ ಎಲ್ಲರೂ ಸೇರಿದರು. ಉದ್ದನೆಯ ಮೇಜಿನ ನಡುವೆ ಕಪ್ಪು ಬಟ್ಟೆಯಡಿ ಲೋಹದ ಅಕ್ಷರ. ಮುಖ್ಯ ಇಂಜಿನಿಯರ್, ಸದ್ದಿನವ, ಹೆಸರಮ್ಮ ಒಂದು ಕಡೆ; ಅಕ್ಕ ಇನ್ನೊಂದು ಕಡೆ, ಕೆಲಸದ ಅಂಗಿಯಲ್ಲೇ ಬಂದು ಕೂತಿದ್ದಳು. ಗೇಟಿನ ತಾತ ಬಾಗಿಲ ಬಳಿ ನಿಂತೇ ಇದ್ದ.

ಅತ್ತೆ ಮೊದಲು ರೆಕಾರ್ಡು ಕೇಳಿಸಿದರು. ಸ್ಪೀಕರಿನಲ್ಲಿ ಆ ದನಿ ಕೋಣೆಯ ನಾಲ್ಕು ಮೂಲೆಗಳಿಂದಲೂ ಬಂದಂತಾಯಿತು. "ಏಳು... ಏಳು..." ಯಾರೂ ಯಾರ ಮುಖವನ್ನೂ ನೋಡಲಿಲ್ಲ.

"ಇದು ದೆವ್ವ ಅಲ್ಲ," ಅಂದರು ಅತ್ತೆ. "ಇದು ಮೌನಿಯ ಕೊನೇ ಸವಾರಿ. ಹೊಸ ಕೊಳವೆ ಹಾಕಿ ಕಾರು ಓಡಿದ್ದು ಒಂದೇ ಸಲ ಅಂತ ಇವರು ಹೇಳಿದ್ರು. ಮೌನಿಯ ಫೋನು ಗೇಟಿನಲ್ಲಿತ್ತು. ಹಾಗಾದ್ರೆ ಈ ಸದ್ದು ಹೊರಗೆ ಹೋಗಿದ್ದು ಇನ್ನೊಬ್ಬರ ಫೋನಿಂದ. ಇನ್ನೊಬ್ಬರು ಕಾರಿನಲ್ಲಿದ್ರು. ಎರಡೂ ಕಡೆ ಬೆಲ್ಟು ಮೈಭಾರ ಹೊತ್ತು ಕೆಟ್ಟಿವೆ. ಅದನ್ನ ನನ್ನ ಅಳಿಯ ಕಂಡುಹಿಡಿದ."

ಅಳಿಯ ತನ್ನ ಬೆರಳುಗಳನ್ನು ನೋಡಿಕೊಂಡ.

"ಇನ್ನೊಬ್ಬರು ಪಕ್ಕದಲ್ಲಿದ್ರೆ ಏನೀಗ?" ಮುಖ್ಯ ಇಂಜಿನಿಯರ್ ಗಡಿಯಾರ ನೋಡಿದರು. "ನಿದ್ದೆ ಮಾಡಿದ್ದು ಚಾಲಕ ತಾನೆ?"

"ಹೌದು. ಅದನ್ನ ನೀವು ಸರಿಯಾಗೇ ಹೇಳಿದ್ರಿ, ಚಾಲಕರು ಯಾರು ಅನ್ನೋದನ್ನ ಮಾತ್ರ ನೋಡ್ಲಿಲ್ಲ." ಅತ್ತೆ ಅಳಿಯನನ್ನು ಎಬ್ಬಿಸಿ ನಿಲ್ಲಿಸಿ, ಎಡಹೆಗಲಿನ ತೇಪೆ ತೋರಿಸಿದರು. ಅವನಿಗೆ ನಾಚಿಕೆಯಾಯಿತು. "ಬಲಗಡೆ ಕೂತು ಓಡಿಸೋರಿಗೆ ಬೆಲ್ಟು ಬಲಹೆಗಲ ಮೇಲೆ ಬರುತ್ತೆ. ಪಕ್ಕದಲ್ಲಿ ಕೂತೋರಿಗೆ ಎಡಹೆಗಲ ಮೇಲೆ. ಮೌನಿಯ ಬರೆ ಇದ್ದಿದ್ದು ಎಡಹೆಗಲ ಮೇಲೆ. ಕಾರು ಕಂಬಿಗೆ ಹೊಡೆದಾಗ ಅವನು ಎಡಸೀಟಿನಲ್ಲಿದ್ದ."

ಅಕ್ಕನ ಕೈ ತನ್ನಷ್ಟಕ್ಕೆ ಎಡಹೆಗಲಿಗೆ ಹೋಯಿತು.

"ಓಡಿಸ್ತಿದ್ದವರು ತೂಕಡಿಸಿದ್ರು. ಅವನು ಕೂಗಲಿಲ್ಲ. ಸ್ಟಿಯರಿಂಗ್ ಹಿಡಿದವರನ್ನ ಬೆಚ್ಚಿಬೀಳಿಸಬಾರದು ಅಂತ ಬಲ್ಲವನು. ಮೆತ್ತಗೆ ಎಬ್ಬಿಸಿದ. ಇದು ಅಂಕಿ ಅಲ್ಲ, ಹೆಸರೂ ಅಲ್ಲ. ಎದ್ದೇಳು ಅನ್ನೋ ಮಾತು."

"ಯಾರನ್ನ?" ಅಂದ ಸದ್ದಿನವ.

"ನಿಮ್ಮನ್ನಾದ್ರೆ 'ಏಳೋ' ಅಂತಿದ್ದ. ಇಂಜಿನಿಯರನ್ನಾದ್ರೆ 'ಏಳಿ ಸಾರ್'. ಬೇರೆ ಯಾವ ಹೆಂಗಸನ್ನಾದ್ರೂ 'ಏಳಿ ಮೇಡಂ'. ಜೀವ ಹೋಗೋ ಹೊತ್ತಲ್ಲಿ ಬಾಯಿ ಅಭ್ಯಾಸ ಬಿಡಲ್ಲ. ನಾನು ವರ್ಷಾನುಗಟ್ಟಲೆ ಕೇಳಿದ್ದು ಇದನ್ನೇ. ಇಲ್ಲಿ 'ಓ'ನೂ ಇಲ್ಲ, 'ಇ'ನೂ ಇಲ್ಲ. ಬರೀ 'ಏಳು'. ಹಾಗೆ ಒಬ್ಬ ಗಂಡಸು ಎಬ್ಬಿಸೋದು ಮನೆಯೊಳಗಿನ ಹೆಂಗಸನ್ನ. ನನ್ನ ಅಳಿಯ ದಿನಾ ಬೆಳಿಗ್ಗೆ ನನ್ನ ಮಗಳನ್ನ ಹಾಗೇ ಎಬ್ಬಿಸ್ತಾನೆ, ಅವಳು ಏಳಲ್ಲ, ಅದು ಬೇರೆ ಮಾತು."

ಅತ್ತೆ ಹೆಸರಮ್ಮನ ಕಡೆ ತಿರುಗಿದರು. ಅವರ ದನಿ ಸಣ್ಣದಾಯಿತು.

"ನಾನು ಅವನ ಬಗ್ಗೆ ಒಂದು ಸುಳ್ಳು ಹೇಳಿದೆ. ಅಲ್ಲಿವರೆಗೆ ಅವರು, ಇವರು ಅಂತಿದ್ದ ನೀನು ಒಂದೇ ಏಟಿಗೆ 'ಅವನು' ಅಂದೆ. ದೂರದವರು ಕೋಪ ಬಂದಾಗ ಬೈದವರನ್ನ ಏಕವಚನದಲ್ಲಿ ಕರೀತಾರೆ. ನೀನು ಬೈಸಿಕೊಂಡವನನ್ನ ಕರೆದೆ. ಗಾಳಿಗೆ ಸುದ್ದಿ ಕೊಡ್ತಿದ್ದವಳೂ ನೀನೇ. ಎಲ್ಲ ಕೊಟ್ಟು ಹೆಸರು ಮಾತ್ರ ಕೊಡದೇ ಇದ್ದೋರು ಹೆಸರು ಗೊತ್ತಿಲ್ಲದೋರಲ್ಲ, ಹೆಸರಿನ ಮೇಲೆ ಜೀವ ಇಟ್ಟೋರು. ಆ ಸ್ಕಾರ್ಫ್ ತೆಗಿಯಮ್ಮ, ಸೆಖೆ ಇದೆ."

ಹೆಸರಮ್ಮ ಸ್ಕಾರ್ಫ್ ಬಿಚ್ಚಿದಳು. ಕೊರಳಿನ ಬಲಗಡೆ ಬೆಲ್ಟು ಕೊರೆದ ಗಾಯದ ಕಲೆ, ಮಾಸಿದ ಕಂದು ಬಣ್ಣದ ಪಟ್ಟಿ, ಬಲಹೆಗಲಿನ ಕಡೆ ಇಳಿದಿತ್ತು.

"ಸುದ್ದಿ ಬಿಡೋದು ನನ್ನ ಕೆಲಸದಲ್ಲೇ ಬರುತ್ತೆ," ಅಂದಳು, ಯಾರಿಗೂ ಅಲ್ಲದಂತೆ. "ಜನ ಕಾಯ್ತಾ ಇರ್ಬೇಕಲ್ಲ. ಬರೆದ ಹೆಸರು ಯಾವುದೂ ಕಾರಿಗೆ ಹೊಂದ್ತಿರಲಿಲ್ಲ. ಒಂದು ಸಲ ಓಡಿಸಿ ನೋಡ್ತೀನಿ ಅಂದೆ. ಬೇಡ ಅಂದ. ಹಟ ಮಾಡ್ದೆ. ಸೀಟು ಬಿಟ್ಟುಕೊಟ್ಟ. ಸದ್ದು ಕೇಳ್ಸೋಕೆ ಗಾಳಿಗೆ ಫೋನ್ ಮಾಡಿ ಮಡಿಲಲ್ಲಿಟ್ಕೊಂಡೆ. ನಿದ್ದೆ ಇಲ್ದೆ ಎಷ್ಟೋ ದಿನ ಆಗಿತ್ತು, ಮಂಜಲ್ಲಿ ರಸ್ತೆ ಒಂದೇ ಥರ ಬರ್ತಾ ಇತ್ತು. ದನಿ ಕೇಳಿಸ್ತು ನಂಗೆ. ಕನಸಲ್ಲಿ ಕರೀತಿದಾನೆ ಅಂದ್ಕೊಂಡೆ."

"ಹಾಗಾದ್ರೆ ಅವನನ್ನ ಚಾಲಕನ ಸೀಟಿಗೆ ಎಳೆದು ಹಾಕಿದ್ದು ನೀವಾ?" ಅಂದರು ಇಂಜಿನಿಯರ್.

"ಇವಳ ಕೈಲಿ ಆಗೋ ಕೆಲಸ ಅಲ್ಲ ಅದು," ಅಂದರು ಅತ್ತೆ. "ತಾತ ಕಂಡಿದ್ದು ನೆನಪು ಮಾಡ್ಕೊಳ್ಳಿ. ನೆಟ್ಟಗೆ ಕೂತಿದ್ದ, ಕೈ ತೊಡೆ ಮೇಲೆ, ಜೋತಾಡೋ ಬೆಲ್ಟನ್ನ ಎಳೆದು ಸಿಕ್ಕಿಸಿಕೊಂಡಿದ್ದ. ಸತ್ತವರನ್ನ ಹಾಗೆ ಕೂರಿಸೋಕೆ ಆಗಲ್ಲ. ಅವನೇ ಬಂದು ಕೂತ."

ಹೆಸರಮ್ಮ ತಲೆಯಾಡಿಸಿದಳು. "ಎಡಗಡೆ ಬಾಗಿಲು ತೆರೀಲಿಲ್ಲ. ನಾನು ಇಳಿದ ಮೇಲೆ ಈ ಕಡೆಗೆ ಸರಿದ. ಮಾತಾಡ್ತಿದ್ದ. ನಗಾಡಿದ ಕೂಡ. 'ನೀನು ಕಂಬಿ ದಾಟಿ ಒಳಗೆ ಹೋಗು, ನಾನೇ ಓಡಿಸ್ತಿದ್ದೆ ಅಂತೀನಿ, ಬೈಸ್ಕೊಳ್ಳೋದು ತಾನೆ' ಅಂದ. ಒಳಗೆ ರಕ್ತ ಸೋರ್ತಿದೆ ಅಂತ ನಮಗಿಬ್ಬರಿಗೂ ಗೊತ್ತಿರಲಿಲ್ಲ. ನಾನು ಹೋದೆ. ಕಿಟಕಿಯಿಂದ ನೋಡ್ತಾ ನಿಂತೆ, ಮಂಜಲ್ಲಿ ಏನೂ ಕಾಣಲಿಲ್ಲ. ಆಮೇಲೆ ಅವನನ್ನ ಬಟ್ಟೆ ಮುಚ್ಚಿ ತಂದ್ರು. ನಿದ್ದೆ ಮಾಡಿದ್ದ ಅಂದ್ರು. ನಾನು ತುಟಿ ಪಿಟಕ್ ಅನ್ನಲಿಲ್ಲ." ಅವಳು ಕಪ್ಪು ಬಟ್ಟೆಯನ್ನು ನೋಡಿದಳು. "ಊರೆಲ್ಲ ಕಾರುಗಳ ಬೆನ್ನ ಮೇಲೆ ನನ್ನನ್ನ ಎಬ್ಬಿಸ್ತಾನೇ ಇದಾನೆ."

ಅಷ್ಟು ಹೇಳಿ ಅವಳು ಕುರ್ಚಿಯಿಂದ ಜಾರಿ ನೆಲಕ್ಕೆ ಕುಸಿದಳು. ಅಲ್ಲೇ ಮಂಡಿ ಮಡಚಿ, ಮುಖ ಮುಚ್ಚಿಕೊಂಡು ಕೂತಳು. ಮುಖ್ಯ ಇಂಜಿನಿಯರ್ ಗಡಿಯಾರ ನೋಡಲಿಲ್ಲ. ಬಟ್ಟೆ ಸಮೇತ ಲೋಹದ ಅಕ್ಷರವನ್ನು ಎತ್ತಿ ಮೇಜಿನ ಕೆಳಗಿಟ್ಟು, "ನಾಳೆಯೇ ಬರೆದು ಸಹಿ ಹಾಕಿ ಕೊಡ್ತೀನಿ," ಅಂದರು ಅಕ್ಕನಿಗೆ. "ನಿಮ್ಮ ತಮ್ಮ ನಿದ್ದೆ ಮಾಡಿರಲಿಲ್ಲ ಅಂತ."

ಅಕ್ಕ ಅವರ ಮಾತು ಕೇಳಿಸಿಕೊಂಡಂತೆ ಕಾಣಲಿಲ್ಲ. ಮೇಜು ಸುತ್ತಿಕೊಂಡು ಹೋಗಿ ಹೆಸರಮ್ಮನ ಮುಂದೆ ನಿಂತಳು. ಅಳಿಯನಿಗೆ ಭಯವಾಯಿತು, ಎರಡು ತಿಂಗಳು ಅವಳು ನುಂಗಿದ ಅವಮಾನ ಅವನಿಗೆ ಗೊತ್ತಿತ್ತು. ಅವಳು ಹೊಡೆದಿದ್ದರೆ ತಪ್ಪು ಅನ್ನಲು ಅವನಿಗೆ ಬಾಯಿ ಬರುತ್ತಿರಲಿಲ್ಲ.

"ಕೊನೆಗೆ ಏನಂದ?" ಅಂದಳು ಅಕ್ಕ.

ಹೆಸರಮ್ಮ ಮುಖ ಎತ್ತಲಿಲ್ಲ. "ಮುಂದಿನ ತಿಂಗಳು ಮದುವೆ ಆಗೋಣ ಅಂತಿದ್ವಿ. ನಿಮಗೆ ಗೊತ್ತಿರಲಿಲ್ಲ. ನಾನು ಕಂಬಿ ದಾಟೋವಾಗ ಹಿಂದಿನಿಂದ ಕೂಗಿ ಹೇಳಿದ. 'ನೀನೇನೂ ಹೇಳ್ಬೇಡ, ಅಕ್ಕನಿಗೆ ನಾನೇ ಹೇಳ್ತೀನಿ' ಅಂದ."

ಕಿಟಕಿಯಾಚೆ ಓಟದ ರಸ್ತೆಯ ಮೇಲೆ ಬಿಸಿಲು ಬಿದ್ದಿತ್ತು. ಗೇಟಿನ ತಾತ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ. ಕೊನೆಗೆ ಅಕ್ಕ ಬಗ್ಗಿ, ಗಾಜು ಉಜ್ಜಿ ಒರಟಾದ ತನ್ನ ಕೈಯನ್ನು ಆ ಹುಡುಗಿಯ ತೋಳಿನ ಕೆಳಗೆ ಹಾಕಿದಳು. ಅವಳ ದನಿ ಮೆತ್ತಗಿತ್ತು, ಥೇಟ್ ತಮ್ಮನದೇ ದನಿ.

"ಏಳು," ಅಂದಳು.